ಹದಿನೆಂಟು ಸರಪಳಿ ದೂರದ ಮನೆ

ಮೌಂಟನ್ ವ್ಯೂ, ಬಟ್ಟೆ ಒಗೆಯುವ ಕೋಣೆ

ನನ್ನ ಸೀರೆ ಲೋರೇನ್ ಅವರ ಹೊದಿಕೆಗೆ ಸುತ್ತಿಕೊಳ್ಳದೆ ಹೋಗಿದ್ದರೆ ನಾನೂ ಎಲ್ಲರ ಹಾಗೆ ಕ್ಯಾಲಿಫೋರ್ನಿಯಾದ ಕೆಂಪು ಸೇತುವೆಯ ಮುಂದೆ ಫೋಟೋ ತೆಗೆಸಿಕೊಂಡು ಹಾಸನಕ್ಕೆ ವಾಪಸು ಬರುತ್ತಿದ್ದೆ.

ತಂಗಿ ಜಯಂತಿಯ ಅಪಾರ್ಟ್‌ಮೆಂಟಿನಲ್ಲಿ ಮನೆಮನೆಗೂ ಒಗೆಯುವ ಯಂತ್ರ ಇರಲಿಲ್ಲ. ಕೆಳಗಿನ ಕೋಣೆಯಲ್ಲಿ ನಾಲ್ಕು ಯಂತ್ರಗಳಿದ್ದವು, ಎಲ್ಲರೂ ಅಲ್ಲೇ ಒಗೆದುಕೊಳ್ಳಬೇಕು. ನಾನು ಬಂದು ಐದನೆಯ ದಿನ. ಜಯಂತಿಯೂ ಅವಳ ಗಂಡ ನಾಗರಾಜುವೂ ಆಫೀಸಿಗೆ ಹೋಗಿದ್ದರು. ಎರಡು ಸಾವಿರನೇ ಇಸವಿ ಬರುವುದಕ್ಕೆ ಮೊದಲಿನ ಬೇಸಿಗೆ ಅದು. ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಂಬ ಭಯಕ್ಕೆ ನಾಗರಾಜುಗೆ ಭಾನುವಾರವೂ ಇರಲಿಲ್ಲ. ಕೂತು ಕೂತು ಬೇಜಾರಾಗಿ ನಾನು ಬಕೆಟ್ ಹಿಡಿದು ಇಳಿದೆ. ಒಂದು ಯಂತ್ರದ ಮುಚ್ಚಳ ತೆರೆದಿತ್ತು, ಒಳಗೆ ಯಾರದೋ ಬಟ್ಟೆ ಅರ್ಧ ತುಂಬಿತ್ತು. ನಾಲ್ಕು ಮನೆಯವರು ಒಟ್ಟಿಗೆ ಹಾಕಿ ಒಗೆಯುವುದು ಇಲ್ಲಿಯ ರೂಢಿಯಿರಬೇಕು ಎಂದುಕೊಂಡು ನನ್ನ ಕಡುನೀಲಿ ಸೀರೆಯನ್ನೂ ಅದಕ್ಕೇ ಹಾಕಿ ಗುಂಡಿ ಒತ್ತಿದೆ.

ಅರ್ಧ ಗಂಟೆ ಬಿಟ್ಟು ಹೋದರೆ, ಎತ್ತರದ ಒಬ್ಬ ಮುದುಕಿ ಯಂತ್ರದಿಂದ ನನ್ನ ಸೀರೆಯನ್ನು ಎಳೆಯುತ್ತಿದ್ದರು. ಬೆಳ್ಳಗಿನ ಒಂದೇ ಜಡೆ, ಗಂಡಸರ ಅಂಗಿ. ಸೀರೆ ಅವರ ಹೊದಿಕೆಗಳಿಗೆಲ್ಲ ಹಗ್ಗದಂತೆ ಹೊಸೆದುಕೊಂಡಿತ್ತು.

"ಇದಕ್ಕೆ ಕೊನೆ ಅಂತ ಇದೆಯಾ?" ಎಂದರು.

"ಇದೆ. ಆರು ಗಜ ಆದಮೇಲೆ," ಎಂದೆ.

ಇಬ್ಬರೂ ಸೇರಿ ಬಿಡಿಸಿದೆವು. ಕಾರು ನಿಲ್ಲಿಸುವ ಅಂಗಳಕ್ಕೆ ಹೋಗಿ ಒಂದೊಂದು ತುದಿ ಹಿಡಿದು ಎಳೆದೆವು. ಕೊರಳಿಗೆ ಕಂಪನಿಯ ಬಿಲ್ಲೆ ತೂಗುಹಾಕಿಕೊಂಡ ಹುಡುಗನೊಬ್ಬ ಸೈಕಲ್ಲಿನಿಂದ ಇಳಿದು, ನಮ್ಮ ಸೀರೆ ದಾಟಲಾಗದೆ ನಿಂತೇ ಇದ್ದ. ಲೋರೇನ್ ಅವರ ಬಿಳಿ ಹೊದಿಕೆಗಳೆಲ್ಲ ತೆಳು ನೀಲಿಯಾಗಿದ್ದವು. ನನಗೆ ನಾಚಿಕೆಯಾಯಿತು.

"ಬಿಡು, ಬೆಳಿಗ್ಗೆಯ ನದಿಯ ಬಣ್ಣ," ಎಂದರು ಅವರು. ಎಲ್ಲಿಯವಳು ಎಂದು ಕೇಳಿದರು. ಇಂಡಿಯಾ ಎಂದೆ. ಅವರು ನಕ್ಕರು. "ನಾನೂ ಇಂಡಿಯನ್ನೇ. ಯಾವನೋ ದಾರಿ ತಪ್ಪಿಸಿಕೊಂಡ, ನಿನ್ನ ಊರಿನ ಹೆಸರು ನಮಗೆ ಅಂಟಿತು."

ಲೋರೇನ್ ಅವರ ಅಡುಗೆಮನೆ

ಮಾರನೆಯ ದಿನ, ತಪ್ಪಿಗೆ ಪರಿಹಾರವೆಂಬಂತೆ, ಕೋಡುಬಳೆ ತೆಗೆದುಕೊಂಡು ಅವರ ಬಾಗಿಲು ತಟ್ಟಿದೆ. ಆಮೇಲೆ ದಿನಾ ಹೋಗತೊಡಗಿದೆ.

ಅವರು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಉತ್ತರ ತುದಿಯ ಒಂದು ನದಿಯ ದಂಡೆಯಲ್ಲಿ. ಆ ನದಿಯ ಹೆಸರನ್ನೂ ಅವರ ಜನದ ಹೆಸರನ್ನೂ ನಾನು ಬರೆಯುವುದಿಲ್ಲ. ಸಮಾಧಿಗಳಿರುವ ಜಾಗ ಗೊತ್ತಾದರೆ ಮಣಿ, ಬುಟ್ಟಿಗಳ ಆಸೆಗೆ ಅಗೆಯುವವರು ಬರುತ್ತಾರೆಂದು ಲೋರೇನ್ ಕೇಳಿಕೊಂಡಿದ್ದಾರೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸರ್ಕಾರದವರು ಅವರಿಗೆ ಮೌಂಟನ್ ವ್ಯೂ ಪಕ್ಕದ ಸ್ಯಾನ್ ಹೊಸೆಗೆ ಬಸ್ ಟಿಕೆಟ್ ಕೊಟ್ಟರು. ಹೋಗುವುದಕ್ಕೆ ಮಾತ್ರ, ವಾಪಸಿಗಲ್ಲ. ಇಂಡಿಯನ್ನರನ್ನು ಊರು ಬಿಡಿಸಿ ಪಟ್ಟಣಕ್ಕೆ ತರುವ ಯೋಜನೆಯಂತೆ. ಆಮೇಲೆ ಮೂವತ್ತು ವರ್ಷ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಭೂತಗನ್ನಡಿ ಹಾಕಿಕೊಂಡು ಕೂದಲೆಳೆಯ ತಂತಿಗಳನ್ನು ಬೆಸೆದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ.

"ನೀನು ಏನು ಕೆಲಸ ಮಾಡ್ತೀಯಾ, ವಿಮಾಲಾ?" ಎಂದು ಒಂದು ದಿನ ಕೇಳಿದರು. ವಿಮಲಾ ಎಂದು ತಿದ್ದುವುದನ್ನು ನಾನು ಬಿಟ್ಟುಬಿಟ್ಟಿದ್ದೆ.

"ಸರ್ವೆ ಆಫೀಸಿನಲ್ಲಿ ನಕ್ಷೆ ಬರೀತೀನಿ. ಯಾರ ಜಮೀನು ಎಲ್ಲಿಂದ ಎಲ್ಲೀವರೆಗೆ ಅಂತ."

ಅವರು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು. ಒಳಗೆ ಹೋಗಿ, ಒಂದು ದಿಂಬಿನ ಚೀಲದ ತುಂಬ ಕಾಗದ ತಂದು ಮೇಜಿನ ಮೇಲೆ ಸುರಿದರು.

ವಿಷಯ ಇಷ್ಟು. ನದಿಯ ಎರಡೂ ದಂಡೆ ಒಂದು ಕಾಲಕ್ಕೆ ಅವರ ಜನದ್ದೇ. ಎಲ್ಲವನ್ನೂ ಕಿತ್ತುಕೊಂಡ ಮೇಲೆ ಸರ್ಕಾರ ಒಬ್ಬೊಬ್ಬರಿಗೆ ಒಂದೊಂದು ತುಂಡು ಬರೆದುಕೊಟ್ಟಿತು. ಲೋರೇನ್ ಅವರ ಅಜ್ಜಿ ಆ್ಯನಿಗೆ ನೂರ ಅರವತ್ತು ಎಕರೆ ಬಂತು. ಆ್ಯನಿ ಸತ್ತಾಗ ಮಕ್ಕಳು ದೂರದ ಸರ್ಕಾರಿ ಶಾಲೆಯಲ್ಲಿದ್ದರು. ಅವರನ್ನು ಕರೆದೊಯ್ದದ್ದೂ ಸರ್ಕಾರವೇ. ಆದರೂ 'ಇಲ್ಲಿ ಯಾರೂ ವಾಸವಿಲ್ಲ' ಎಂದು ಕಾಗದ ಬರೆದು, ಜಮೀನನ್ನು ಮರದ ಕಂಪನಿಗೆ ಮಾರಿದರು. ಈಗ ಲೋರೇನ್ ಮತ್ತು ಅವರ ಅಣ್ಣನ ಮಗ ಡೇಲ್ ಅದನ್ನು ವಾಪಸು ಕೇಳಿದ್ದರು. ಆ ದಂಡೆಯಲ್ಲಿ ಯಾವ ಇಂಡಿಯನ್ ಮನೆಯೂ ಇರಲೇ ಇಲ್ಲ ಎಂದು ಕಂಪನಿ ಹೇಳುತ್ತಿತ್ತು. ಮುಂದಿನ ತಿಂಗಳು ವಿಚಾರಣೆ.

ಮನೆ ಇತ್ತೆನ್ನುವುದಕ್ಕೆ ಇದ್ದದ್ದು ಒಂದೇ ಹಾಳೆ, ನೂರು ವರ್ಷದ ಹಿಂದಿನ ಸರ್ಕಾರಿ ಮೋಜಣಿದಾರನ ಟಿಪ್ಪಣಿ ಪುಸ್ತಕದ ನಕಲು. ಲೋರೇನ್ ಕೆಲಸದಲ್ಲಿದ್ದಾಗ ಎರಡು ವರ್ಷ ರಜೆ ಸಿಕ್ಕಾಗಲೆಲ್ಲ ಬಸ್ಸು ಹಿಡಿದು ಪತ್ರಾಗಾರಕ್ಕೆ ಹೋಗಿ ಹುಡುಕಿ ತೆಗೆದಿದ್ದರು. 'ಹಳ್ಳದ ಬಾಯಿಯ ದೊಡ್ಡ ಬಂಡೆಯಿಂದ ದಂಡೆಯ ಗುಂಟ ಮೇಲಕ್ಕೆ ಹದಿನೆಂಟು ಸರಪಳಿ, ಅಲ್ಲಿ ಆ್ಯನಿಯ...' ಮುಂದಿನ ಪದ ಹೌಸ್ ಎಂದು ಲೋರೇನ್. ಹಾರ್ಸ್ ಎಂದು ಕಂಪನಿಯ ವಕೀಲ. ಮನೆಯೋ, ಕುದುರೆಯೋ? ನಡುವಿನ ಒಂದು ಅಕ್ಷರ ಯು ಆದರೆ ಮನೆ, ಆರ್ ಆದರೆ ಕುದುರೆ.

"ಅಲ್ಲೊಂದು ಕುದುರೆ ನಿಂತಿತ್ತಷ್ಟೇ ಅಂತ ಹೇಳಿ ನಕ್ಕ ಆ ವಕೀಲ," ಎಂದರು ಲೋರೇನ್.

ನಾನು ಹಾಳೆಯನ್ನು ಕಿಟಕಿಗೆ ಹಿಡಿದೆ. ಹಳೆಯ ಕಾಲದ ಗುಮಾಸ್ತರ ಇಂಥ ಬಾಗಿದ ಇಂಗ್ಲಿಷ್ ಕೈಬರಹವನ್ನು ಹಾಸನದಲ್ಲಿ ಇಪ್ಪತ್ತೇಳು ವರ್ಷದಿಂದ ಓದುತ್ತಿದ್ದೇನೆ. ಅದೇ ಪುಟದಲ್ಲಿ ರಿವರ್ ಇತ್ತು, ರಾಕ್ ಇತ್ತು. ಈ ಮನುಷ್ಯ ಆರ್ ಬರೆದಾಗಲೆಲ್ಲ ಅದಕ್ಕೊಂದು ಚೂಪು ಭುಜ ಏಳಿಸಿದ್ದ. ಈ ಪದದ ಅಕ್ಷರಕ್ಕೆ ಭುಜವಿರಲಿಲ್ಲ.

"ಮನೆ," ಎಂದೆ. "ಕುದುರೆ ಅಲ್ಲ. ಖಂಡಿತ ಮನೆ."

ಲೋರೇನ್ ಮೇಜಿನ ಮೇಲಿದ್ದ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು. ನನಗೆ ನಮ್ಮ ಆಫೀಸಿನ ಜಗಲಿ ಕಣ್ಣಿಗೆ ಬಂತು. ಬಟ್ಟೆಯ ಗಂಟಿನಲ್ಲಿ ಕಾಗದ ಕಟ್ಟಿಕೊಂಡು ಬರುವ ಹೆಂಗಸರು, ಅವರಿಗೆ ತಲೆಯೆತ್ತದೆ 'ನಾಳೆ ಬನ್ನಿ' ಎನ್ನುತ್ತಿದ್ದ ನಾನು. ಎಷ್ಟು ಜನಕ್ಕೆ ಅಂದಿದ್ದೇನೋ.

ಸಂಜೆ ಜಯಂತಿಗೆ ಹೇಳಿದೆ. ನಾನೂ ನದಿಯವರೆಗೆ ಹೋಗಿ ಆ ಜಾಗ ಅಳೆದು ತೋರಿಸಬೇಕು ಎಂದೆ.

ನಾಗರಾಜು ಗಾಬರಿಯಾದ. "ಅಕ್ಕ, ನೀವು ವಿಸಿಟರ್ ವೀಸಾದಲ್ಲಿ ಬಂದಿದೀರ. ಕೋರ್ಟು, ಹಿಯರಿಂಗು ಅಂತೆಲ್ಲ ಹೋದರೆ ನಾಳೆ ಏನಾದ್ರೂ ಪ್ರಾಬ್ಲಮ್ ಆಗಬಹುದು. ಅಲ್ಲೂ ಗೌರ್ಮೆಂಟ್ ಕೆಲಸದಲ್ಲಿದೀರ."

ಜಯಂತಿ ಪಾತ್ರೆ ತೊಳೆಯುತ್ತಲೇ ಅಂದಳು: "ಒಂದು ಅಕ್ಷರ ಓದಿ ಹೇಳೋದು ಕ್ರೈಮ್ ಅಲ್ಲ ಕಣ್ರೀ. ಅಕ್ಕ, ಒಂದು ವಾರ ಲೀವ್ ಹಾಕ್ತೀನಿ. ಡ್ರೈವು ನಾನೇ ಮಾಡ್ತೀನಿ."

ಉತ್ತರದ ದಾರಿ

ವಿಚಾರಣೆ ಹತ್ತಿರ ಬಂದಾಗ ಲೋರೇನ್, ಜಯಂತಿ, ನಾನು ಹೊರಟೆವು. ಸೇತುವೆ ದಾಟುವಾಗ ಮಂಜು ಮುಸುಕಿ ಏನೂ ಕಾಣಲಿಲ್ಲ. ಜಗತ್ತೆಲ್ಲ ನೋಡುವ ಆ ಸೇತುವೆಯಲ್ಲಿ ನಾನು ನೋಡಿದ್ದು ಕೆಂಪು ಬಣ್ಣದ ಎರಡು ಕಾಲು ಮಾತ್ರ.

ಮಧ್ಯಾಹ್ನ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಜತೆಗಿದ್ದ ಉಪ್ಪಿನಕಾಯಿಯನ್ನು ಪಲ್ಯವೆಂದುಕೊಂಡು ಲೋರೇನ್ ಚಮಚ ತುಂಬ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂದರೂ ಉಗುಳಲಿಲ್ಲ. "ಸತ್ತವರನ್ನು ಎಬ್ಬಿಸೋಕೆ ಇದನ್ನ ಕೊಡ್ತೀರಾ?" ಎಂದರು. ಜಯಂತಿ ನಕ್ಕೂ ನಕ್ಕೂ ಕಾರನ್ನು ಐದು ನಿಮಿಷ ಹೊರಡಿಸಲಿಲ್ಲ.

ಮುಂದೆ, ಕೆಂಪು ಮರಗಳ ಕಾಡಿನಲ್ಲಿ, ಒಂದು ಬದುಕಿರುವ ಮರದ ಬುಡವನ್ನು ಕೊರೆದು ಕಾರು ಹೋಗುವಷ್ಟು ಬಾಗಿಲು ಮಾಡಿದ್ದರು. ಪ್ರವಾಸಿಗಳು ಸಾಲುಗಟ್ಟಿ ನಿಂತಿದ್ದರು. ಲೋರೇನ್ ಕಾರಿನಿಂದ ಇಳಿದುಬಿಟ್ಟರು. "ನೀವು ಹೋಗಿಬನ್ನಿ. ನಾನು ಸುತ್ತಿಕೊಂಡು ಬರ್ತೀನಿ." ಅವರು ಆ ಮರಕ್ಕೊಂದು ದೊಡ್ಡ ಸುತ್ತು ಹಾಕಿ, ತೊಗಟೆಯನ್ನು ಒಂದೆಡೆ ಮುಟ್ಟಿ ಬಂದರು. ಜಯಂತಿ ಕಾರನ್ನು ಒಳಗೆ ನುಗ್ಗಿಸಿ ಪಕ್ಕದ ಕನ್ನಡಿ ಮುರಿದುಕೊಂಡಳು. ನಮಗೆ ತಕ್ಕದ್ದೇ ಆಯಿತು ಎಂದು ಇಬ್ಬರಿಗೂ ಅನಿಸಿತು.

ನದಿ, ಮೊದಲ ದಿನ

ಡೇಲ್ ನಲವತ್ತರ ಆಸುಪಾಸಿನ ಗಂಡಸು, ಮಾತು ಕಡಿಮೆ. ಬೇಸಿಗೆಯಲ್ಲಿ ಕಾಡಿನ ಬೆಂಕಿ ಆರಿಸುವ ಕೆಲಸ, ಉಳಿದಂತೆ ಮೀನು. ಅವನ ಹೆಂಡತಿ ನಮಗೆ ಓಕ್ ಮರದ ಕಾಯಿಯ ಅಂಬಲಿ ಬಡಿಸಿದಳು. ಕಾಯಿ ಕುಟ್ಟಿ, ಹಿಟ್ಟಿಗೆ ನೀರು ಹೊಯ್ದು ಹೊಯ್ದು ಕಹಿ ತೆಗೆದು ಕಾಯಿಸುತ್ತಾರೆ. ಉಪ್ಪಿಲ್ಲ, ಹುಳಿಯಿಲ್ಲ. ಮೊದಲ ತುತ್ತಿಗೆ ಇದೇನು ಎನಿಸಿತು. ಮೂರನೆಯ ತುತ್ತಿಗೆ ನಮ್ಮ ರಾಗಿ ಅಂಬಲಿಯ ಅಕ್ಕನೋ ತಂಗಿಯೋ ಎನಿಸಿತು. ನಾನು ಇನ್ನೊಂದು ಬಟ್ಟಲು ಹಾಕಿಸಿಕೊಂಡಾಗ ಆ ಮನೆಯಲ್ಲಿ ಒಂದು ಬಿಗಿ ಸಡಿಲವಾದದ್ದು ನನಗೆ ತಿಳಿಯಿತು.

ಊಟವಾದ ಮೇಲೆ ಹಳ್ಳದ ಬಾಯಿಗೆ ಹೋದೆವು. ಬಂಡೆ ಇತ್ತು, ಆನೆ ಮಲಗಿದಷ್ಟು ದೊಡ್ಡದು. ಡೇಲ್‌ನ ದೋಣಿಯ ಹಗ್ಗವನ್ನು ಒಂದು ಸರಪಳಿಯ ಉದ್ದಕ್ಕೆ ಸರಿಯಾಗಿ ಕತ್ತರಿಸಿದೆ. ಒಂದು ಸರಪಳಿಗೆ ಮೂವತ್ತಮೂರು ಅಡಿ. ಇದನ್ನು ನಾನು ನಿದ್ದೆಯಲ್ಲೂ ಹೇಳುತ್ತೇನೆ. ಡೇಲ್ ಮುಂದೆ, ನಾನು ಹಿಂದೆ, ಮುಳ್ಳು ಪೊದೆಗಳ ನಡುವೆ ಒಂದೊಂದೇ ಹಗ್ಗ ಹಾಸುತ್ತ ಮೇಲಕ್ಕೆ ಹೋದೆವು. ಲೋರೇನ್ ಎಣಿಸುತ್ತಿದ್ದರು. ಹದಿನೇಳು. ಹದಿನೆಂಟು.

ಅಲ್ಲಿ ಇದ್ದದ್ದು ನೇರ ನೀರಿಗೆ ಇಳಿಯುವ ಜಾರು ಬಂಡೆ. ಮನೆ ಕಟ್ಟಲು ಸಾಧ್ಯವೇ ಇರಲಿಲ್ಲ.

ಮತ್ತೆ ಅಳೆದೆವು. ಮತ್ತೆ ಅದೇ ಬಂಡೆ.

"ಹಾಗಾದರೆ ಕುದುರೆಯೇ ಇರಬಹುದು," ಎಂದ ಡೇಲ್, ಕೋಪವಿಲ್ಲದೆ. ಹಗ್ಗ ಸುತ್ತಿಕೊಂಡು ಹೋದ.

ಲೋರೇನ್ ನದಿಯ ಹತ್ತಿರ ಒಂದು ಕಲ್ಲಿನ ಮೇಲೆ ಕೂತರು. ಇನ್ನೂ ಹೊತ್ತು ಮುಳುಗಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಅಷ್ಟು ದೂರ ಕರೆತಂದು ಅವರ ಆಸೆಯನ್ನು ನಾನೇ ಮುರಿದೆನಲ್ಲ ಎನಿಸಿತು. ಯಾರಿಗೂ ಹೇಳದ ಒಂದು ಮಾತು ಹೇಳಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟುತ್ತಿದ್ದರು. ಮುಳುಗುವ ಊರುಗಳ ನಕ್ಷೆ ನನ್ನ ಮೇಜಿಗೆ ಬರುತ್ತಿತ್ತು. ಮನೆ, ಬಾವಿ, ಗದ್ದೆಗಳ ಮೇಲೆ ನೀಲಿ ಬಣ್ಣ ತುಂಬುವುದು ನನ್ನ ಕೆಲಸ. ಅಂಚು ದಾಟದಂತೆ ಅಚ್ಚುಕಟ್ಟಾಗಿ ತುಂಬುತ್ತೇನೆಂದು ಸಾಹೇಬರು ಹೊಗಳಿದ್ದರು.

ಲೋರೇನ್ ನನ್ನ ಕಡೆ ತಿರುಗಿದರು.

"ಆ ಊರುಗಳ ಹೆಸರು ನೆನಪಿದೆಯಾ?"

"ಇದೆ."

"ಹೇಳು."

ನಾನು ಒಂದೊಂದೇ ಹೇಳಿದೆ. ಅವರು ಪ್ರತಿ ಹೆಸರಿಗೂ ತಲೆಯಾಡಿಸಿದರು, ಪರಿಚಯದವರ ಹೆಸರು ಕೇಳಿದಂತೆ.

ನದಿ, ಎರಡನೆಯ ದಿನ

ಬೆಳಿಗ್ಗೆ ತಿಂಡಿ ತಿನ್ನುವಾಗ ಜಯಂತಿ ಮಾತಿಗೆಂದು ಡೇಲ್‌ನ ಕೆಲಸದ ಬಗ್ಗೆ ಕೇಳಿದಳು. ಬೆಂಕಿ ಹರಡದಂತೆ ಹುಲ್ಲು, ಪೊದೆ ಕಡಿದು ಮಣ್ಣಿನ ಪಟ್ಟಿ ಮಾಡುವುದನ್ನು ಅವನು ವಿವರಿಸಿದ. "ಹೋದ ವರ್ಷ ಒಂದು ಗುಡ್ಡದಲ್ಲಿ ಒಂದೇ ದಿನಕ್ಕೆ ಇಪ್ಪತ್ತು ಚೈನು ಕಡಿದೆವು. ಕಾಲು ಮೈಲಿ."

ನನ್ನ ಕೈಯ ರೊಟ್ಟಿ ಅಲ್ಲೇ ನಿಂತಿತು.

"ಇಪ್ಪತ್ತು ಚೈನಿಗೆ ಕಾಲು ಮೈಲಿಯಾ? ಒಂದು ಮೈಲಿಗೆ ಎಂಬತ್ತಾ?"

"ಎಂಬತ್ತೇ. ಯಾವಾಗಲೂ ಎಂಬತ್ತು."

ನಮ್ಮಲ್ಲಿ ಒಂದು ಮೈಲಿಗೆ ನೂರ ಅರವತ್ತು ಸರಪಳಿ. ಅಂದರೆ ಇವರ ಸರಪಳಿ ನಮ್ಮದರ ಎರಡರಷ್ಟು, ಅರವತ್ತಾರು ಅಡಿ. ಆ ಹಳೆಯ ಮೋಜಣಿದಾರ ಹಾಸನದ ಸರಪಳಿಯಲ್ಲಿ ಅಳೆದಿರಲಿಲ್ಲ! ನಾನು ತಲೆ ಚಚ್ಚಿಕೊಂಡೆ. "ಜಯಂತಿ, ನಾವು ಅರ್ಧ ದಾರಿಯಲ್ಲೇ ನಿಂತುಬಿಟ್ಟಿದ್ದೀವಿ ಕಣೇ!" ಎಂದು ಕನ್ನಡದಲ್ಲೇ ಕೂಗಿದೆ. ಅರ್ಥವಾಗದಿದ್ದರೂ ಡೇಲ್ ಎದ್ದು ಹಗ್ಗ ತೆಗೆದುಕೊಂಡ.

ಜಾರು ಬಂಡೆಯ ಮೇಲಿನಿಂದ ಸುತ್ತು ಹಾಕಿ ಮತ್ತೆ ದಂಡೆಗೆ ಇಳಿದೆವು. ಅಲ್ಲಿಂದಾಚೆಗೆ ಅವರ ಮನೆಯವರು ಯಾರೂ ಹೋಗಿರಲಿಲ್ಲ, ಕಂಪನಿಯ ಬೇಲಿ ಮೊನ್ನೆಮೊನ್ನೆಯವರೆಗೂ ಇತ್ತಂತೆ. ಮೂವತ್ತಾರನೆಯ ಹಗ್ಗ ಹಾಸಿದಾಗ ನಾವು ಒಂದು ಸಮತಟ್ಟಾದ ಜಾಗದಲ್ಲಿದ್ದೆವು. ಹಳೆಯ ಓಕ್ ಮರಗಳು, ಕೆಳಗೆ ಸೊಂಟದೆತ್ತರ ಜರೀಗಿಡ. ಡೇಲ್ ಕತ್ತಿಯಿಂದ ಸವರುತ್ತ ಹೋಗಿ ಥಟ್ಟನೆ ನಿಂತ.

ನೆಲದಲ್ಲಿ ಒಂದು ಚೌಕ ತಗ್ಗು ಇತ್ತು. ಅವರ ಜನ ಹಿಂದೆ ಹಾಗೇ ಕಟ್ಟುತ್ತಿದ್ದರಂತೆ, ನೆಲ ಅಗೆದು, ಮೇಲೆ ಹಲಗೆಯ ಮನೆ. ತಗ್ಗಿನ ಅಂಚಿನಲ್ಲಿ ಸಾಲಾಗಿ ಚಪ್ಪಟೆ ಕಲ್ಲುಗಳು. ನಡುವೆ ಎಲೆಕೊಳೆಯಲ್ಲಿ ಹೂತಿದ್ದ ಕಬ್ಬಿಣದ ಒಲೆಯ ಒಂದು ಮುಚ್ಚಳ. ಆಚೆಗೆ, ಮರಗಳ ಕೆಳಗೆ, ಕಲ್ಲು ಸುತ್ತಿದ ಮೂರು ದಿಬ್ಬಗಳು.

ಡೇಲ್ ನನ್ನ ಕಡೆ ನೋಡಿ, "ಕುದುರೆ ಒಲೆ ಹಚ್ಚಲ್ಲ," ಎಂದ. ಅವನು ನಕ್ಕದ್ದನ್ನು ನಾನು ಕಂಡದ್ದು ಆಗಲೇ.

ಲೋರೇನ್ ತಗ್ಗಿಗೆ ಇಳಿಯಲಿಲ್ಲ. ಮೊದಲು ಚಪ್ಪಟೆ ಕಲ್ಲಿನ ಹೊರಗೆ ನಿಂತು, ಮನೆಯ ಬಾಗಿಲಲ್ಲಿ ನಿಂತವರ ಹಾಗೆ, ತಮ್ಮ ಹೆಸರು ಹೇಳಿದರು, ತಾಯಿಯ ಹೆಸರು ಹೇಳಿದರು, ಆಮೇಲೆ ಅಜ್ಜಿಯ ನಿಜವಾದ ಹೆಸರು. ಆ್ಯನಿ ಎನ್ನುವುದು ಸರ್ಕಾರದವರು ಇಟ್ಟದ್ದು. ಸ್ವಲ್ಪ ಹೊತ್ತು ಕಾದು ಒಳಗೆ ಹೋದರು. ಜಯಂತಿ ನನ್ನ ಸೆರಗಿನಲ್ಲೇ ಕಣ್ಣೊರೆಸಿಕೊಂಡಳು. ನಾವಿಬ್ಬರೂ ಹೊರಗೇ ನಿಂತೆವು.

ಶಾಲೆಯ ಸಭಾಂಗಣ

ಎರಡು ದಿನ ಬಿಟ್ಟು ವಿಚಾರಣೆ ನಡೆದದ್ದು ಊರಿನ ಶಾಲೆಯ ಆಟದ ಕೋಣೆಯಲ್ಲಿ, ಚೆಂಡು ಹಾಕುವ ಬುಟ್ಟಿಯ ಕೆಳಗೆ. ಸರ್ಕಾರದಿಂದ ಬಂದ ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಮಡಿಚುವ ಕುರ್ಚಿಗಳಲ್ಲಿ ಊರಿನ ಜನ. ಹಿಂದೆ ಮೇಜಿನ ಮೇಲೆ ಹೊಗೆಯಾಡಿಸಿದ ಮೀನು, ಯಾರು ಗೆದ್ದರೂ ಎಲ್ಲರಿಗೂ ಊಟ.

ನನ್ನ ಹೆಸರು ಕರೆದಾಗ ಎದ್ದು ನಿಂತೆ. ನಾಗರಾಜು ಹೇಳಿದ್ದೆಲ್ಲ ನೆನಪಾಯಿತು. ಮೇಜಿನ ಆ ಕಡೆ ಕೂತು ಅಭ್ಯಾಸವಿದ್ದವಳಿಗೆ ಈ ಕಡೆ ನಿಲ್ಲುವುದು ಏನೆಂದು ಅವತ್ತು ಗೊತ್ತಾಯಿತು.

ಕಂಪನಿಯ ವಕೀಲ ಸೌಜನ್ಯದಿಂದಲೇ ಕೇಳಿದ: "ಮೇಡಂ, ಈ ದೇಶದ ಅಳತೆ ನಿಮಗೆ ಗೊತ್ತೇ?"

"ಗೊತ್ತಿರಲಿಲ್ಲ," ಎಂದೆ. "ಮೊದಲ ದಿನ ತಪ್ಪಾಗಿ ಅಳೆದೆ. ನಮ್ಮ ಸರಪಳಿ ನಿಮ್ಮದರ ಅರ್ಧ."

ಜನ ನಕ್ಕರು. ಅಧಿಕಾರಿಯೂ ನಕ್ಕರು. ಆ ನಗೆಯಿಂದ ನನಗೆ ಧೈರ್ಯ ಬಂತು. ಹಾಳೆ ಹಿಡಿದು ಅವರ ಹತ್ತಿರ ಹೋಗಿ, ಆರ್ ಇದ್ದ ಕಡೆಯಲ್ಲೆಲ್ಲ ಭುಜ ತೋರಿಸಿದೆ, ಆಮೇಲೆ ಭುಜವಿಲ್ಲದ ಆ ಒಂದು ಅಕ್ಷರ. ಅವರು ಕನ್ನಡಕ ತೆಗೆದು ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಮತ್ತೊಮ್ಮೆ ನೋಡಿದರು.

"ಆ ಜಾಗ ಇಲ್ಲಿಂದ ಎಷ್ಟು ದೂರ?"

"ದೋಣಿಯಲ್ಲಿ ಅರ್ಧ ಗಂಟೆ," ಎಂದ ಡೇಲ್.

ಅವರು ನಾಳೆ ಎನ್ನಲಿಲ್ಲ. ಕಾರಿನಿಂದ ಬೂಟು ತರಿಸಿ ಹಾಕಿಕೊಂಡರು. ವಕೀಲನೂ ತನ್ನ ಹೊಳೆಯುವ ಷೂಗಳಲ್ಲೇ ದೋಣಿ ಹತ್ತಿದ. ಆ ತಗ್ಗಿನ ಮುಂದೆ ಅಧಿಕಾರಿ ಟೋಪಿ ತೆಗೆದು ನಿಂತರು. ಒಳಗೆ ಇಳಿಯುವ ಮುಂಚೆ ಲೋರೇನ್ ಅವರನ್ನು ಕೇಳಿದರು: "ಬರಬಹುದಾ?"

"ಬನ್ನಿ," ಎಂದರು ಲೋರೇನ್, ಮನೆಯವರು ಕರೆಯುವ ಹಾಗೆ.

ಮತ್ತೆ ಮೌಂಟನ್ ವ್ಯೂ

ನದಿಯ ಊರಿನಿಂದ ಹೊರಡುವ ಬೆಳಿಗ್ಗೆ ಲೋರೇನ್ ಕಾರು ಹತ್ತಲಿಲ್ಲ. ಮೌಂಟನ್ ವ್ಯೂನ ತಮ್ಮ ಮನೆಯ ಬೀಗದಕೈಯನ್ನು ಜಯಂತಿಯ ಕೈಗಿಟ್ಟರು. "ಏರುತ್ತಲೇ ಇರುವ ಆ ಬಾಡಿಗೆಯ ಹಿಂದೆ ಓಡಿ ಓಡಿ ಸಾಕಾಯ್ತು. ತೀರ್ಪು ಏನಾದರೂ ಬರಲಿ, ನಾನು ಇಲ್ಲೇ ಇರ್ತೀನಿ."

ನನ್ನನ್ನು ಅಪ್ಪಿಕೊಂಡಾಗ ಅವರು ಮೊದಲ ಸಲ ಹೆಸರನ್ನು ಸರಿಯಾಗಿ ಹೇಳಿದರು. 

ಆ ವಾರ ನಾವಿಬ್ಬರೇ ಅವರ ಮನೆ ಖಾಲಿ ಮಾಡಿದೆವು. ಮೂವತ್ತು ವರ್ಷದ ಸಂಸಾರ ಹನ್ನೊಂದು ಪೆಟ್ಟಿಗೆಯಲ್ಲಿ ಹಿಡಿಯಿತು. ಕೊನೆಯ ಪೆಟ್ಟಿಗೆ ಕಟ್ಟುವಷ್ಟರಲ್ಲಿ ಮುಂದಿನ ಬಾಡಿಗೆದಾರ ಬಂದು, ಹುಟ್ಟಿ ಒಂದು ವರ್ಷವೂ ಆಗಿರದ ಯಾವುದೋ ಡಾಟ್‌ಕಾಂನ ಎಳೆಯ ಎಂಜಿನಿಯರ್, ಗೋಡೆಗೆ ಟೇಪು ಹಿಡಿದು ಸೋಫಾ ಹಿಡಿಸುತ್ತದೆಯೇ ಎಂದು ನೋಡುತ್ತಿದ್ದ. ಒಳ್ಳೆಯ ಹುಡುಗ. ಪೆಟ್ಟಿಗೆ ಹೊರಲು ಕೈಜೋಡಿಸಿದ. ಇಲ್ಲಿ ಮೊದಲು ಯಾರಿದ್ದರು ಎಂದು ಕೇಳಿದ. ಜಯಂತಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಮತ್ತೆ ಇಬ್ಬರೂ ಕೂತು ಅವನಿಗೆ ಎಲ್ಲವನ್ನೂ ಹೇಳಿದೆವು.

ನಾನು ಹಾಸನಕ್ಕೆ ಬಂದು ಮತ್ತೆ ನನ್ನ ಮೇಜಿಗೆ ಕೂತೆ. ಕಾಗದದ ಗಂಟು ಹಿಡಿದವರು ಬಂದರೆ ಈಗ ಕುರ್ಚಿ ಎಳೆದು ಕೂರಿಸುತ್ತೇನೆ. ಕೆಲಸ ಅವತ್ತೇ ಆಗುತ್ತದೆಂದಲ್ಲ. ಆದರೆ ಕಾಗದ ಬಿಚ್ಚಿ ಓದುತ್ತೇನೆ.

ತೀರ್ಪು ಬರಲು ಒಂದೂವರೆ ವರ್ಷ ಹಿಡಿಯಿತು. ಲೋರೇನ್ ಡೇಲ್‌ನ ಮನೆಯಿಂದ ಫೋನ್ ಮಾಡಿದರು. ಮನೆ ಇತ್ತೆಂದು ಸರ್ಕಾರ ಒಪ್ಪಿತ್ತು. ಆದರೆ ಮರ ಬೆಳೆದ ಜಮೀನೆಲ್ಲ ಕಂಪನಿಗೇ ಉಳಿಯಿತು. ಮನೆಯ ತಗ್ಗು, ಮೂರು ದಿಬ್ಬ, ಅಲ್ಲಿಂದ ನದಿಗೆ ಇಳಿಯುವ ದಾರಿ, ಒಟ್ಟು ನಾಲ್ಕು ಎಕರೆ ವಾಪಸು ಬಂದಿತ್ತು. ನನ್ನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಕೇಳಿದ್ದು ನೂರ ಅರವತ್ತು ಎಕರೆ, ಸಿಕ್ಕಿದ್ದು ನೂರ ಅರವತ್ತು ಗುಂಟೆ.

"ಇಷ್ಟೇನಾ?" ಎಂದು ಬಾಯಿಗೆ ಬಂದುಬಿಟ್ಟಿತು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಡೇಲ್‌ಗೂ ಸಿಟ್ಟಿದೆ. ಉಳಿದದ್ದಕ್ಕೆ ಮತ್ತೆ ಅರ್ಜಿ ಬರೀತಿದ್ದಾನೆ. ಬರೀಲಿ, ಬರೀಬೇಕು," ಎಂದರು ಲೋರೇನ್. ಫೋನಿನಲ್ಲಿ ಹಿಂದೆ ಎಲ್ಲೋ ನಾಯಿ ಬೊಗಳುತ್ತಿತ್ತು. "ಆದರೆ ವಿಮಲಾ, ಇವತ್ತು ಬೆಳಿಗ್ಗೆ ನಾನು ಅಲ್ಲಿಗೆ ಹೋಗಿದ್ದೆ. ಕಾಫಿ ತೆಗೆದುಕೊಂಡು ಹೋಗಿ, ಅಜ್ಜಿಯ ಬಾಗಿಲ ಕಲ್ಲಿನ ಮೇಲೆ ಕೂತು ಕುಡಿದೆ. ಬಿಸಿಲು ಬರೋವರೆಗೂ ಕೂತಿದ್ದೆ. ಅಲ್ಲಿಗೆ ಹೋಗಲಾ ಅಂತ ಯಾರನ್ನೂ ಕೇಳಲಿಲ್ಲ."